ಹೋಮರನ ಯಾವ ಹೆಂಗಸಿನ ಜೊತೆ ಹೋಲಿಸೋಣ?

ಹೋಮರನ ಗ್ರೀಕ್ ಮಹಾಕಾವ್ಯಗಳಾದ 'ಇಲಿಯಡ್', 'ಒಡಿಸ್ಸಿ'ಗಳಲ್ಲಿ ಹೆಣ್ಣಿಗಿದ್ದ ಸ್ಥಾನ ಇಂದಿನ ಹೆಣ್ಣಿಗಿಂತ ಮೇಲಾ, ಕೆಳಗಾ ಅಂತ ಕೇಳಿದ್ದೀರಿ. ಕೆಳಗೇ. ಆದರೆ ಯಾವ ಹೆಣ್ಣು ಅನ್ನೋದರ ಮೇಲೆ ಎಷ್ಟು ಕೆಳಗೆ ಅನ್ನೋದು ನಿಂತಿದೆ. ಈ ಮಾತು ಬಂದಾಗ ಎಲ್ಲರೂ 'ಒಡಿಸ್ಸಿ'ಯ ನಾಯಕ ಒಡಿಸ್ಯೂಸನ ಹೆಂಡತಿ ಪೆನೆಲೋಪೆಯನ್ನೇ ನೆನೆಯುತ್ತಾರೆ, ಅವಳ ಮನೆಯ ದಾಸಿಯರನ್ನು ಯಾರೂ ನೆನೆಯಲ್ಲ.

ಪೆನೆಲೋಪೆ ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಯುದ್ಧಕ್ಕೆ ಹೋದ ಗಂಡ ವರ್ಷಗಟ್ಟಲೆ ಬಾರದಿದ್ದಾಗ, ಅವಳನ್ನು ಮದುವೆಯಾಗೋಕೆ ಗಂಡಸರ ದಂಡೇ ಬಂದು ಮನೆಯಲ್ಲಿ ಕೂತಿತ್ತು. ಮಾವನ ಹೆಣಕ್ಕೆ ಹೊದಿಸುವ ಬಟ್ಟೆ ನೇಯ್ದು ಮುಗಿಸಿದ ಮೇಲೆ ಮದುವೆ ಅಂತ ಹೇಳಿ, ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚಿ, ಮೂರು ವರ್ಷ ಅಷ್ಟೂ ಗಂಡಸರನ್ನು ಸತಾಯಿಸಿದವಳು. ಅಂಥವಳೇ 'ಒಡಿಸ್ಸಿ'ಯ ಮೊದಲ ಸರ್ಗದಲ್ಲಿ ಕೆಳಗಿಳಿದು ಬಂದು, ಈ ದುಃಖದ ಹಾಡು ಬೇಡ, ಬೇರೆ ಹಾಡು ಅಂತ ಗಾಯಕನನ್ನು ಕೇಳಿಕೊಂಡರೆ, ಮೀಸೆ ಚಿಗುರುತ್ತಿರುವ ಮಗ ಟೆಲಿಮಾಕಸ್ ಏನಂತಾನೆ? ಒಳಗೆ ಹೋಗಿ ನಿನ್ನ ಮಗ್ಗ, ಕದಿರು ನೋಡಿಕೋ, ಮಾತು ಗಂಡಸರಿಗೆ ಬಿಟ್ಟದ್ದು, ಈ ಮನೆಯ ಯಜಮಾನ ನಾನು. ಅವಳು ಬೆರಗಾಗಿ ಮೇಲೆ ಹೋಗುತ್ತಾಳೆ. 'ಇಲಿಯಡ್'ನಲ್ಲಿ ಟ್ರಾಯ್ ನಗರದ ರಾಜಕುಮಾರ ಹೆಕ್ಟರ್ ಕೂಡ ಹೆಂಡತಿ ಆಂಡ್ರೊಮಾಕಿಗೆ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾನೆ. ಅದೂ ಯಾವಾಗ? ಕೋಟೆಯ ಗೋಡೆ ಅಂಜೂರದ ಮರದ ಹತ್ತಿರ ಹತ್ತೋಕೆ ಸುಲಭ, ಸೈನ್ಯ ಅಲ್ಲಿ ನಿಲ್ಲಿಸು ಅಂತ ಅವಳು ಸರಿಯಾದ ಸಲಹೆ ಕೊಟ್ಟ ಮೇಲೆ! (ನೆಂಟರ ಮುಂದೆ 'ನೀ ಸುಮ್ನಿರಮ್ಮ, ನಿಂಗೊತ್ತಾಗಲ್ಲ' ಅನ್ನೋ ಮಗಂದಿರು ನಮ್ಮಲ್ಲೂ ಕಮ್ಮಿ ಇಲ್ಲ ಬಿಡಿ.)

ಇದು ರಾಣಿಯರ ಪಾಡು. ದಾಸಿಯರದ್ದು ಬೇರೆಯೇ. 'ಇಲಿಯಡ್'ನಲ್ಲಿ ಗ್ರೀಕ್ ವೀರ ಅಕಿಲೀಸನ ಗೆಳೆಯ ಪಟ್ರೋಕ್ಲಸ್ ಸತ್ತಾಗ ನಡೆಯುವ ಆಟಗಳಲ್ಲಿ ಕುಸ್ತಿ ಗೆದ್ದವನಿಗೆ ಹನ್ನೆರಡು ಎತ್ತಿನ ಬೆಲೆಯ ಮುಕ್ಕಾಲಿ, ಸೋತವನಿಗೆ ನಾಲ್ಕು ಎತ್ತಿನ ಬೆಲೆಯ ಹೆಂಗಸು. ಕಸುಬು ಬಲ್ಲವಳು ಅಂತ ಬೇರೆ ಹೊಗಳುತ್ತಾನೆ ಕವಿ.

'ಒಡಿಸ್ಸಿ'ಯ 22ನೇ ಸರ್ಗ ಇನ್ನೂ ಘೋರ. ಒಡಿಸ್ಯೂಸ್ ಮರಳಿ ಬಂದು ಮನೆಯಲ್ಲಿ ಠಿಕಾಣಿ ಹೂಡಿದ್ದ ಆ ಗಂಡಸರನ್ನು ಕೊಂದ ಮೇಲೆ, ಅವರ ಜೊತೆ ಮಲಗಿದ್ದ ಹನ್ನೆರಡು ದಾಸಿಯರ ಕೈಲೇ ಹೆಣ ಹೊರಿಸಿ, ಮೇಜು ಕುರ್ಚಿಗಳ ರಕ್ತ ಒರೆಸಿಸುತ್ತಾರೆ. ಕತ್ತಿಯಿಂದ ಕೊಲ್ಲು ಅಂತ ಅಪ್ಪ ಹೇಳಿದರೆ, ಅಷ್ಟು ಮರ್ಯಾದೆಯ ಸಾವು ಇವರಿಗೆ ಬೇಡ ಅಂತ ಟೆಲಿಮಾಕಸ್ ಹಡಗಿನ ಹಗ್ಗ ಕಟ್ಟಿ ಸಾಲಾಗಿ ನೇಣು ಹಾಕುತ್ತಾನೆ. ಅವರ ಕಾಲು ಸ್ವಲ್ಪ ಹೊತ್ತು ಒದ್ದಾಡಿದವು, ಹೆಚ್ಚು ಹೊತ್ತಲ್ಲ ಅಂತಾನೆ ಕವಿ. ಅದೇ ಸರ್ಗದ ಶುರುವಿನಲ್ಲಿ ಒಡಿಸ್ಯೂಸನೇ ಆ ಗಂಡಸರಿಗೆ 'ನನ್ನ ದಾಸಿಯರನ್ನು ಬಲವಂತ ಮಾಡಿದಿರಿ' ಅಂದಿರುತ್ತಾನೆ. ಬಲವಂತ ಅಂತ ಗೊತ್ತಿದ್ದೂ ನೇಣು. ನನಗೆ ಇಡೀ ಕಾವ್ಯದಲ್ಲಿ ಅರಗದ ಜಾಗ ಇದೇ.

ಇನ್ನು ಇಂದಿಗೆ ಬಂದರೆ, ಅದೇ ಗ್ರೀಸಿನಲ್ಲಿ ಹೆಂಗಸರಿಗೆ ಪೂರ್ತಿ ಮತದಾನದ ಹಕ್ಕು ಸಿಕ್ಕಿದ್ದು 1952ರಲ್ಲಿ. ಗಂಡನೇ ಮನೆಯ ಯಜಮಾನ ಅನ್ನೋ ಕಾನೂನು ಹೋಗಿದ್ದು, ವರದಕ್ಷಿಣೆ ರದ್ದಾಗಿದ್ದು 1983ರಲ್ಲಿ. ಅಂದರೆ ಟೆಲಿಮಾಕಸನ ಮಾತು ನಮ್ಮ ಅಪ್ಪ ಅಮ್ಮಂದಿರ ಕಾಲದವರೆಗೂ ಕಾನೂನಾಗಿ ಉಳಿದಿತ್ತು. 2020ರಲ್ಲಿ ಅಲ್ಲಿ ಮೊದಲ ಸಲ ಒಬ್ಬ ಮಹಿಳೆ ರಾಷ್ಟ್ರಪತಿ ಆದರು. ಹೆಣ್ಣನ್ನು ಮಾರುವುದು ಇಂದಿಗೂ ಪೂರಾ ನಿಂತಿಲ್ಲ, ಆದರೆ ಕದ್ದುಮುಚ್ಚಿ ಮಾಡಬೇಕು. ತುಂಬಿದ ಸಭೆಯಲ್ಲಿ ಬಹುಮಾನ ಅಂತ ನಿಲ್ಲಿಸೋಕಾಗಲ್ಲ.

ಓದುವ ಮನಸ್ಸಿದ್ದರೆ 'ಇಲಿಯಡ್'ನ 19ನೇ ಸರ್ಗದಿಂದ ಶುರು ಮಾಡಿ. ಅಕಿಲೀಸ್, ಗ್ರೀಕ್ ಸೈನ್ಯದ ನಾಯಕ ಅಗಮೆಮ್ನಾನ್ ಜಗಳವಾಡಿದ್ದು ಯುದ್ಧದಲ್ಲಿ ಸೆರೆಸಿಕ್ಕ ಬ್ರೈಸಿಸ್ ಅನ್ನೋ ಹೆಣ್ಣಿಗಾಗಿ, ಕಾವ್ಯ ಶುರುವಾಗೋದೇ ಆ ಜಗಳದಿಂದ. ಅವಳು ಬಾಯಿ ಬಿಡೋದು ಮಾತ್ರ ಅಲ್ಲೊಂದೇ ಕಡೆ.