ಎರಡೂ ಅವನದ್ದೇ ಸ್ವಾಮಿ, ಮರಗಳನ್ನ ನೋಡಿ

ಓದುಗರೊಬ್ರು ಕೇಳಿದ್ದಾರೆ: "ಹೋದ ಸಂಚಿಕೇಲಿ ಥಾಮಸ್ ಕೋಲ್ ಹೆಸರಲ್ಲಿ ಎರಡು ಚಿತ್ರ ಹಾಕಿದ್ರಿ. ಒಂದ್ರಲ್ಲಿ ಕಾಡು, ಕೆರೆ, ಒಣಮರ. ಇನ್ನೊಂದ್ರಲ್ಲಿ ದೋಣೀಲಿ ಮಗು, ಪಕ್ಕದಲ್ಲಿ ದೇವತೆ. ಇದು ಒಬ್ರೇ ಬರೆದದ್ದಾ, ಇಲ್ಲಾ ಕ್ಯಾಪ್ಷನ್ ಅದಲುಬದಲಾಯ್ತಾ?"

ಕ್ಯಾಪ್ಷನ್ ಅದಲುಬದಲಾಗೋದು ನಮ್ಮಲ್ಲಿ ಹೊಸದೇನಲ್ಲ, ಆದ್ರೆ ಈ ಸಲ ನಾವು ನಿರಪರಾಧಿಗಳು. ಕೋಲ್ ಅಂದ್ರೆ ಅಮೆರಿಕದ ಬೆಟ್ಟ-ಕಾಡುಗಳನ್ನ ಬರೆದ 19ನೇ ಶತಮಾನದ ಚಿತ್ರಕಾರ. ಕೆರೆ ಚಿತ್ರ 1825ರದ್ದು. ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಹುಟ್ಟಿ 1818ರಲ್ಲಿ ಮನೆಯವ್ರ ಜೊತೆ ಅಮೆರಿಕಕ್ಕೆ ಬಂದ ಹುಡುಗ, 24ನೇ ವಯಸ್ಸಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ಗುಂಟ ಕ್ಯಾಟ್‌ಸ್ಕಿಲ್ ಬೆಟ್ಟಕ್ಕೆ ಹೋಗ್ಬಂದು ಬರೆದ ಮೂರು ಚಿತ್ರಗಳನ್ನ ಟ್ರಂಬುಲ್, ಡನ್‌ಲಪ್, ಡ್ಯುರಾಂಡ್ ಅನ್ನೋ ಮೂವರು ಕಲಾವಿದ್ರೇ ಒಂದೊಂದು ಕೊಂಡ್ಕೊಂಡ್ರು, ಅಲ್ಲಿಂದ ಶುರು ನೋಡಿ ಹೆಸರು. ಆ ಕೆರೆ ದಡದಲ್ಲಿ ಸತ್ತ ಮರಗಳು ಬೋಳುಬೋಳಾಗಿ ನಿಂತಿವೆಯಲ್ಲ, ಅವು ಕಡಿದ ಮರಗಳಲ್ಲ, ಇದನ್ನ ನೆನಪಿಟ್ಕೊಳ್ಳಿ.

1829ರಿಂದ 1832ರವರೆಗೆ ಯುರೋಪ್ ಸುತ್ತಿ ಇಟಲಿಯ ಹಾಳು ಗುಡಿ-ಗೋಪುರ ಎಲ್ಲಾ ನೋಡ್ಕೊಂಡು ಬಂದ್ಮೇಲೆ ಆಸಾಮಿಗೆ ಬರೀ ಬೆಟ್ಟ ಸಾಕಾಗ್ಲಿಲ್ಲ, ಕಥೆ ಬೇಕಾಯ್ತು. ಒಂದು ಸಾಮ್ರಾಜ್ಯ ಹುಟ್ಟಿ ಮೆರೆದು ಹಾಳಾಗೋದನ್ನ ಐದು ಕ್ಯಾನ್‌ವಾಸಲ್ಲಿ ಬರೆದು 1836ರಲ್ಲಿ ಮುಗಿಸಿದ. ಅದೇ ವರ್ಷದ 'ಆಕ್ಸ್‌ಬೋ' ನೋಡಿ, ನನ್ ಪ್ರಕಾರ ಅವನ ಬೆಸ್ಟ್ ಇದೇ: ಎಡಕ್ಕೆ ಮಳೆ ಮೋಡ, ಮುರಿದ ಮರ, ಬಲಕ್ಕೆ ಬಿಸಿಲಲ್ಲಿ ಹೊಲಗದ್ದೆ, ಲಾಳದ ಹಾಗೆ ಬಾಗಿದ ಕನೆಕ್ಟಿಕಟ್ ನದಿ, ಕೆಳಗೆ ಬಂಡೆ ಸಂದೀಲಿ ಬೆರಳಿನ ಉಗುರಷ್ಟು ಇರೋ ಕೋಲ್ ತಾನೇ ಕೂತು ನಮ್ ಕಡೆ ತಿರುಗಿ ನೋಡ್ತಿದ್ದಾನೆ.

ದೇವತೆ ಇರೋ ಚಿತ್ರ ಬಾಲ್ಯದಿಂದ ಮುಪ್ಪಿನವರೆಗಿನ ನಾಲ್ಕು ಚಿತ್ರಗಳ ಸರಣಿಯ ಮೊದಲ್ನೇದು. 1840ರಲ್ಲಿ ಮುಗಿಸಿದ್ದನ್ನ 1842ರಲ್ಲಿ ಇನ್ನೊಂದು ಸಲ ಬರೆದ. ನಂಗೆ ಅದು ಸ್ವಲ್ಪ ಹರಿಕಥೆ ಥರ ಅನ್ಸುತ್ತೆ, ಬೈಬೇಡಿ. ಹಾಗಂತ ಮನುಷ್ಯ ಕಾಡು ಬಿಟ್ಟು ಪೂರ್ತಿ ದೇವತೆಗಳ ಹಿಂದೆ ಹೋದ ಅಂತಲ್ಲ. 1843ರಲ್ಲಿ ವಾಪಸ್ ಕ್ಯಾಟ್‌ಸ್ಕಿಲ್‌ನ ಹೊಳೆ ಬರೀತಾನೆ, ಆರೇಳು ವರ್ಷದ ಹಿಂದೆ ಹಸಿರು ತುಂಬ್ಸಿ ಬರೆದಿದ್ದ ಅದೇ ನೋಟ, ಈ ಸಲ ಮುಂದೆ ಕಡಿದ ಮರದ ಬುಡಗಳು, ಕೊಡಲಿ ಹಿಡಿದು ನಿಂತಿರೋ ಒಬ್ಬ, ದೂರದ ಸೇತುವೆ ಮೇಲೆ ಇರುವೆ ಸಾಲಿನಂಗೆ ರೈಲು. ಮೊದಲ ಸಲ ನೋಡ್ದಾಗ ನಂಗೆ ರೈಲು ಕಂಡೇ ಇರ್ಲಿಲ್ಲ, ಹೊಗೆ ನೋಡಿ ಮಂಜು ಅಂದ್ಕೊಂಡಿದ್ದೆ.

ಮುಂದಿನ ಸಂಚಿಕೇಲಿ ಅದನ್ನ ಪೂರ್ತಿ ಪುಟಕ್ಕೆ ಹಾಕ್ತೀವಿ, ಕ್ಯಾಪ್ಷನ್ ಎರಡು ಸಲ ಚೆಕ್ ಮಾಡಿ.