ಮೂಟೆಯೋ, ಕಿಲೋನೋ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಖರೀದಿ ವ್ಯಾಪಾರ. ಸ್ಟಾಕ್ ಸಾಫ್ಟ್‌ವೇರ್‌ಗೆ ಎಐ ಏಜೆಂಟ್ ಜೋಡಿಸಿದ್ದೇವೆ. 20 ಮೂಟೆ ಅಂದರೆ 20 ಕಿಲೋ ಅಂತ ಬರೆಯುತ್ತದೆ. ಮಾಡೆಲ್ ಬದಲಿಸಬೇಕಾ ಸರ್?

ಉತ್ತರ: ಮಾಡೆಲ್ ಇರಲಿ ಬಿಡಿ. ಏಜೆಂಟ್ ಸ್ಟಾಕ್ ಬರೆಯಲು ಬಳಸುವ ಸಾಧನವೇ ಟೂಲ್; ನೀವು ಕಳಿಸಿದ ಅದರ ವಿವರಣೆಯಲ್ಲಿರುವುದು ಇಷ್ಟೇ: ‘ಸ್ಟಾಕ್ ಸೇರಿಸುತ್ತದೆ. ಪ್ರಮಾಣ: ಸಂಖ್ಯೆ.’ ಯಾವ ಸಂಖ್ಯೆ? ಮೂಟೆ ಅಂದರೆ 50 ಕಿಲೋ ಅಂತ ನಿಮ್ಮ ಲೆಕ್ಕ ಬರೆಯುವ ರೈಟರ್‌ಗೆ ಗೊತ್ತು. ಏಜೆಂಟ್‌ಗೆ ಸಾಮಾನ್ಯವಾಗಿ ಕಾಣುವುದು ಟೂಲಿನ ಹೆಸರು, ವಿವರಣೆ, ತುಂಬಬೇಕಾದ ಮಾಹಿತಿ ಮಾತ್ರ. ಒಳಗಿನ ಕೋಡ್ ಅಲ್ಲ.

ಹೀಗೆ ಬರೆಯಿರಿ: ‘ಪ್ರಮಾಣ ಕಿಲೋದಲ್ಲಿ. 1 ಮೂಟೆ = 50 ಕಿಲೋ. ಕಾಫಿಯ ಬಗೆ: ಪಾರ್ಚ್‌ಮೆಂಟ್ ಅಥವಾ ಚೆರ್ರಿ. ಹೇಳದಿದ್ದರೆ ಕೇಳು, ಊಹಿಸಬೇಡ. ಹಳೇ ಲೆಕ್ಕ ತಿದ್ದಲು ಇದನ್ನು ಬಳಸಬೇಡ.’ ನಾನಾದರೆ ಇದನ್ನು ಬರೆಯೋಕೆ ಆ ರೈಟರನ್ನೇ ಕೂರಿಸುತ್ತೇನೆ! ಮಾಹಿತಿ ತಪ್ಪಿದಾಗ ಏಜೆಂಟ್‌ಗೆ ‘ಎರರ್ 400’ ಅಂತ ಬರೀ ಕೋಡ್ ಸುಮ್ನೆ ತೋರಿಸಬೇಡಿ. ‘ಬಗೆ ಬಿಟ್ಟುಹೋಗಿದೆ’ ಅಂದರೆ ಬಹಳ ಸಲ ಏಜೆಂಟೇ ತಿದ್ದಿಕೊಳ್ಳುತ್ತದೆ.