‘ಮೊರಾಕೊ: ಲವ್ ಇನ್ ಟೈಮ್ಸ್ ಆಫ್ ವಾರ್’ ಸ್ಪ್ಯಾನಿಷ್ ಧಾರಾವಾಹಿ ನೋಡಬಹುದಾ? ಚೆನ್ನಾಗಿದೆ ಅನ್ನೋರೂ ಇದ್ದಾರೆ, ಬೇಡ ಅನ್ನೋರೂ ಇದ್ದಾರೆ

ಧಾರಾಳವಾಗಿ ನೋಡಿ. ಒಬ್ಬರು ಅತ್ತುಬಿಟ್ಟೆ ಅಂತಾರೆ, ಇನ್ನೊಬ್ಬರು ಯುದ್ಧದ ವೇಷ ಹಾಕಿದ ಮಾಮೂಲಿ ಸೀರಿಯಲ್ ಅಂತಾರೆ, ಯಾರ ಮಾತು ನಂಬಲಿ ಎಂದು ಕೇಳಿದ್ದೀರಿ. ಇಬ್ಬರ ಮಾತಲ್ಲೂ ಸತ್ಯವಿದೆ. ಆದರೆ 1921ರ ಜುಲೈನಲ್ಲಿ ಅಲ್ಲಿ ಏನಾಯಿತು ಅಂತ ಸ್ವಲ್ಪ ತಿಳಿದುಕೊಂಡು ಕೂತರೆ ಈ ಕಥೆ ಮನಸ್ಸಿಗೆ ಇಳಿಯುವ ರೀತಿಯೇ ಬೇರೆ.

ಮೊರಾಕೊದ ಉತ್ತರಕ್ಕಿರುವ ರಿಫ್ ಬೆಟ್ಟಸೀಮೆಯ ಮೇಲೆ ಸ್ಪೇನ್ ಹಕ್ಕು ಸಾಧಿಸುತ್ತಿದ್ದ ಕಾಲ ಅದು. ಸ್ಪೇನ್ ಸೇನೆಯ ಜನರಲ್ ಸಿಲ್ವೆಸ್ಟ್ರೆ ಹಿಂದಿನ ದಾರಿ ಭದ್ರಮಾಡಿಕೊಳ್ಳದೆ, ಗುಡ್ಡಗುಡ್ಡದ ಮೇಲೆ ಸಣ್ಣ ಠಾಣೆ ಹಾಕುತ್ತಾ ಮುಂದೆ ನುಗ್ಗಿದ. ಎಷ್ಟೋ ಠಾಣೆಗಳಲ್ಲಿ ನೀರಿರಲಿಲ್ಲ. ಇಗೆರಿಬೆನ್ ಎಂಬಲ್ಲಿ ಸುತ್ತುವರಿಯಲ್ಪಟ್ಟ ಸೈನಿಕರು ಕೊನೆಗೆ ತಮ್ಮ ಮೂತ್ರಕ್ಕೆ ಸಕ್ಕರೆ ಬೆರೆಸಿ ಕುಡಿದರು. ಅಬ್ದ್ ಎಲ್-ಕ್ರಿಮ್ ಮುಂದಾಳುತನದಲ್ಲಿ ರಿಫ್ ಜನ ತಿರುಗಿಬಿದ್ದಾಗ ಅನ್ವಾಲ್‌ನಲ್ಲಿದ್ದ ಸ್ಪೇನ್ ಸೇನಾ ಶಿಬಿರ ಕುಸಿಯಿತು. ಕೆಲವೇ ವಾರಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸ್ಪ್ಯಾನಿಷ್ ಸೈನಿಕರು ಸತ್ತರು. ಮೊಂಟೆ ಅರ್ರುಯಿಟ್ ಎಂಬ ಠಾಣೆಯಲ್ಲಂತೂ ಶರಣಾಗಿ ಬಂದೂಕು ಕೆಳಗಿಟ್ಟವರನ್ನೂ ಕೊಂದರು. ದುಡ್ಡಿದ್ದ ಮನೆಯವರು ಹಣ ಕಟ್ಟಿ ಮಗನ ಸೇವಾವಧಿ ಕಡಿಮೆ ಮಾಡಿಸಿಕೊಳ್ಳುವ ಕಾನೂನು ಆಗ ಸ್ಪೇನ್‌ನಲ್ಲಿತ್ತು. ಹಾಗಾಗಿ ಯುದ್ಧದ ಭಾರವೆಲ್ಲ ಬಿದ್ದಿದ್ದು ಬಡವರ ಮಕ್ಕಳ ಮೇಲೆ.

ಗಾಯಾಳುಗಳು ಬಂದು ತುಂಬಿಕೊಂಡ ಊರು ಮೆಲಿಯಾ, ಆಫ್ರಿಕಾದ ಉತ್ತರ ಕರಾವಳಿಯಲ್ಲಿ ಸ್ಪೇನ್ ಕೈಯಲ್ಲಿರುವ ಪಟ್ಟಣ. ಸ್ಪೇನ್‌ನ ರಾಣಿ ವಿಕ್ಟೋರಿಯಾ ಯುಜೀನಿ ರೆಡ್ ಕ್ರಾಸ್ ದಾದಿಯರನ್ನು ಕಳಿಸಿದ್ದು ಇಲ್ಲಿಗೆ. ಆ ತಂಡದ ಮುಖ್ಯಸ್ಥೆ ಕಾರ್ಮೆನ್ ಅಂಗೊಲೋಟಿ, ‘ಲಾ ವಿಕ್ಟೋರಿಯಾ’ದ ಡಚೆಸ್, ಇತಿಹಾಸದಲ್ಲಿ ನಿಜವಾಗಿ ಇದ್ದ ಹೆಂಗಸು. ಮ್ಯಾಡ್ರಿಡ್‌ನ ದೊಡ್ಡ ಮನೆಗಳ ಹುಡುಗಿಯರು ಮೊದಲ ಸಲ ಕೊಳೆತ ಗಾಯ ತೊಳೆಯುವುದು, ಅವರಿಗೆ ಇಲ್ಲೇನು ಕೆಲಸ ಅಂತ ಮುಖ ಸಿಂಡರಿಸುವ ಸೇನಾಧಿಕಾರಿಗಳು, ಅವರೆದುರು ದನಿ ಎತ್ತದೆ ಪಟ್ಟು ಹಿಡಿದು ನಿಲ್ಲುವ ಡಚೆಸ್: ಧಾರಾವಾಹಿಯ ಜೀವ ಇರುವುದೇ ಇಲ್ಲಿ. ಈ ಪಾತ್ರದಲ್ಲಿ ಅಲೀಸಿಯಾ ಬೊರಾಚೆರೊ ಬಂದರೆ ಸಾಕು, ಉಳಿದವರು ಕಣ್ಣಿಗೇ ಬೀಳುವುದಿಲ್ಲ.

ಮುಖ್ಯ ಪ್ರೇಮಕಥೆ ಮಾತ್ರ ನನಗೆ ಅಷ್ಟಾಗಿ ಹಿಡಿಸಲಿಲ್ಲ. ನಾಯಕಿ ಹೂಲಿಯಾ ತನ್ನ ಅಣ್ಣನನ್ನೂ ಮದುವೆ ನಿಶ್ಚಯವಾದ ಹುಡುಗನನ್ನೂ ಹುಡುಕಿಕೊಂಡು ದಾದಿಯರ ಗುಂಪಿನಲ್ಲಿ ಸೇರಿ ಆಫ್ರಿಕಾಕ್ಕೆ ಬರುತ್ತಾಳೆ, ಡಾಕ್ಟರ್ ಫಿಡೆಲ್ ಮೇಲೆ ಮನಸ್ಸಾಗುತ್ತದೆ, ಅವನಿಗೆ ಮೊದಲೇ ಸುಸಾನಾ ಇದ್ದಾಳೆ. ಎದುರಾಎದುರು ನಿಂತು ಎರಡು ಮಾತಾಡಿದ್ದರೆ ಬಗೆಹರಿಯುತ್ತಿದ್ದ ವಿಷಯವನ್ನು ಎಪಿಸೋಡುಗಟ್ಟಲೆ ಎಳೆದಿದ್ದಾರೆ. ‘ಮಾಮೂಲಿ ಸೀರಿಯಲ್’ ಅನ್ನುವವರ ದೂರು ಇದೇ, ಅದು ನ್ಯಾಯವಾದ ದೂರು. ‘ಗ್ರಾನ್ ಹೋಟೆಲ್’, ‘ವೆಲ್ವೆಟ್’ ಧಾರಾವಾಹಿಗಳನ್ನು ಮಾಡಿದ ‘ಬಂಬೂ’ (Bambú) ನಿರ್ಮಾಣ ಸಂಸ್ಥೆಯೇ ಇದನ್ನೂ ಮಾಡಿರುವುದು. ಅವನ್ನು ನೋಡಿದ್ದರೆ ಈ ಎಳೆತ ನಿಮಗೆ ಹೊಸದಲ್ಲ.

ಮನಸ್ಸಿಗೆ ಹತ್ತಿರವಾಗುವುದು ಮಗ್ದಲೇನಾ ಮತ್ತು ಲಾರ್ಬಿ. ಒಬ್ಬಳು ಸಿರಿವಂತರ ಮನೆ ಹುಡುಗಿ, ಇನ್ನೊಬ್ಬ ಆಸ್ಪತ್ರೆಯಲ್ಲಿ ದುಡಿಯುವ ಮೊರಾಕೊದವನು. ಇಲ್ಲಿ ಅಡ್ಡ ಬರುವುದು ತಪ್ಪು ತಿಳಿವಳಿಕೆಯಲ್ಲ, ಯುದ್ಧವೇ. ಅವನ ಜನ ಇವಳ ಜನರನ್ನು ಕೊಲ್ಲುತ್ತಿದ್ದಾರೆ, ಇವಳ ಜನ ಅವನ ನೆಲದಲ್ಲಿ ಬಂದು ಕೂತಿದ್ದಾರೆ. ಲಾರ್ಬಿ ಇರುವುದರಿಂದಲೇ ಆ ಇನ್ನೊಂದು ಬದಿಯ ಮುಖ ಸ್ವಲ್ಪವಾದರೂ ಕಾಣುತ್ತದೆ. ಉಳಿದ ಕಡೆ ರಿಫ್ ಜನ ಅಂದರೆ ಬೆಟ್ಟದ ಮರೆಯಿಂದ ಗುಂಡು ಹಾರಿಸುವವರು, ಅಷ್ಟೇ. ಅವರು ಯಾಕೆ ಎದ್ದರು ಅನ್ನುವುದಕ್ಕೆ ಕಥೆ ಜಾಗ ಕೊಡುವುದಿಲ್ಲ. ಮುಂದೆ ಇದೇ ಯುದ್ಧದಲ್ಲಿ ಸ್ಪೇನ್ ವಿಮಾನಗಳಿಂದ ಅವರ ಮೇಲೆ ಮಸ್ಟರ್ಡ್ ಗ್ಯಾಸ್ ಎಂಬ ವಿಷಾನಿಲದ ಬಾಂಬ್ ಹಾಕಿತು. ಅದನ್ನು ತಿಳಿದ ಮೇಲೆ ಈ ಕೊರತೆ ನನಗೆ ಇನ್ನಷ್ಟು ನೋವು ಕೊಟ್ಟಿತು. ಪ್ರೇಮಕಥೆ ಎಳೆದಿದ್ದನ್ನು ಕ್ಷಮಿಸಬಹುದು, ಇದನ್ನು ಕ್ಷಮಿಸುವುದು ಕಷ್ಟ.

2017ರಲ್ಲಿ ಸ್ಪೇನ್‌ನ ಆಂಟೆನಾ 3 ವಾಹಿನಿಯಲ್ಲಿ ಬಂದ ಈ ಧಾರಾವಾಹಿ ಒಂದೇ ಸೀಸನ್, 13 ಎಪಿಸೋಡ್. ಡಬ್ಬಿಂಗ್ ಸಿಕ್ಕರೂ ಹಾಕಬೇಡಿ, ಸ್ಪ್ಯಾನಿಷ್ ದನಿಯಲ್ಲೇ ಸಬ್‌ಟೈಟಲ್ ಓದುತ್ತಾ ನೋಡಿ, ಡಚೆಸ್ ಮಾತಿನ ಬಿಗಿ ಆಗಲೇ ತಿಳಿಯುವುದು. ಹೂಲಿಯಾ–ಫಿಡೆಲ್ ಗೋಳು ಬೇಜಾರು ತರಿಸಿದರೆ ಅಲ್ಲಿಗೇ ಬಿಟ್ಟುಬಿಡಬೇಡಿ, ಮಗ್ದಲೇನಾಗೋಸ್ಕರ ಮುಂದುವರಿಸಿ.